ಹಿತ್ತಾಳೆಯ ಬೆಣೆ

ಅಪ್ಪ ತೀರಿಕೊಂಡ ಮೂರನೆಯ ವಾರ ವನಜಾಕ್ಷಿ ಅವನ ಕೋವಿಯನ್ನು ತಿಪಟೂರಿನ ಠಾಣೆಗೆ ಒಪ್ಪಿಸಿದಳು. ಬಸ್ ಡಿಪೋದಲ್ಲಿ ಇಪ್ಪತ್ತೆರಡು ವರ್ಷದಿಂದ ಕಂಡಕ್ಟರ್ ಆಗಿರುವ ಅವಳಿಗೆ ಸರ್ಕಾರಿ ಕಾಗದಗಳ ಭಯವೇನೂ ಇರಲಿಲ್ಲ. ಲೈಸೆನ್ಸ್ ಇದ್ದವನು ಸತ್ತ ಮೇಲೆ ಕೋವಿ ಮನೆಯಲ್ಲಿ ಇರಬಾರದು. ಸರ್ಕಾರಕ್ಕೇ ಬಿಟ್ಟುಕೊಟ್ಟಿದ್ದೇನೆ ಎಂದು ಒಂದು ರುಜು ಹಾಕಿದರೆ ಆಯಿತು ಎಂದುಕೊಂಡಿದ್ದಳು.

ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಠಾಣೆಯ ಬರವಣಿಗೆ ನೋಡಿಕೊಳ್ಳುತ್ತಿದ್ದ ಪೇದೆ ಆಶಾ ಲೈಸೆನ್ಸ್ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಅರ್ಧಕ್ಕರ್ಧ ಗೆದ್ದಲು ತಿಂದಿತ್ತು. ‘ರೈಫಲ್ ಒಂದು’ ಎಂಬುದಷ್ಟೇ ಓದುವ ಹಾಗಿತ್ತು. ಠಾಣೆಯ ಹಳೆಯ ರಿಜಿಸ್ಟರಿನಲ್ಲೂ ಅಷ್ಟೇ ಬರೆದಿತ್ತು.

“ಯಾವ ಕಂಪನಿ, ಬೋರ್ ಎಷ್ಟು, ನಂಬರ್ ಎಷ್ಟು, ಎಲ್ಲ ಬರೀಬೇಕು ಮೇಡಂ. ಇದರ ಮೈಮೇಲೆ ಏನೂ ಕಾಣ್ತಿಲ್ಲ, ಬರೀ ಕಪ್ಪು. ಗೊತ್ತಿರೋರು ಯಾರಾದ್ರೂ ಇದ್ರೆ ಕರ್ಕೊಂಡ್ ಬನ್ನಿ. ಅಲ್ಲೀವರ್ಗೂ ಇದು ನಮ್ಮ ಬೀರುವಿನಲ್ಲೇ ಇರುತ್ತೆ.”

ವನಜಾಕ್ಷಿಗೆ ಬೇಸರವಾಯಿತು. ಆ ಕೋವಿ ಎಷ್ಟು ಬೇಗ ಕಣ್ಣಿಂದ ಮರೆಯಾದರೆ ಅಷ್ಟು ಒಳ್ಳೆಯದು ಎನ್ನುವಂತಾಗಿತ್ತು ಅವಳಿಗೆ. ಅದಕ್ಕೆ ಕಾರಣವೂ ಇತ್ತು. ಅವಳಿಗೆ ಎಂಟು ವರ್ಷವಿದ್ದಾಗ, ಎಂಬತ್ತೊಂದರ ಬೇಸಿಗೆಯಲ್ಲಿ, ಅಪ್ಪ ಮರುಳಪ್ಪನಿಗೂ ಅವನ ತಮ್ಮ ಬೀರಲಿಂಗಯ್ಯನಿಗೂ ಬಾವಿ ನೀರಿನ ಸರದಿಗೆ ಜಗಳವಾಯಿತು. ಆಸ್ತಿ ಪಾಲಾಗಿ ಎರಡು ವರ್ಷ ಕಳೆದಿದ್ದರೂ ಬಾವಿ ಮಾತ್ರ ಜಂಟಿಯಾಗಿಯೇ ಉಳಿದಿತ್ತು. ಇಬ್ಬರ ತೆಂಗಿನ ಸಸಿಗಳೂ ಬಾಡುತ್ತಿದ್ದವು. ಮಾತಿಗೆ ಮಾತು ಬೆಳೆದು ಅಪ್ಪ ಒಳಗೆ ಬಂದವನೇ ಗೋಡೆಯ ಮೇಲಿದ್ದ ಕೋವಿ ಕಿತ್ತುಕೊಂಡು ಹೋದ. ಅವ್ವ ಇವಳನ್ನು ಅಡುಗೆಮನೆಗೆ ತಳ್ಳಿ ಬಾಗಿಲು ಹಾಕಿದಳು. ಬಾಗಿಲ ಸಂದಿಯಲ್ಲಿ ಅವಳಿಗೆ ಕಂಡದ್ದು ಅಪ್ಪನ ಬೆನ್ನು, ಅದರಾಚೆ ಚಿಕ್ಕಪ್ಪನ ಬಿಳಿ ಬನಿಯನ್ನು, ನಡುವೆ ಆ ಕಪ್ಪು ನಳಿಗೆ. ಗುಂಡು ಹಾರಲಿಲ್ಲ, ಯಾರೋ ಬಂದು ಬಿಡಿಸಿದರು. ಆದರೆ ಅಲ್ಲಿಂದ ನಲವತ್ತಮೂರು ವರ್ಷ ಅಣ್ಣತಮ್ಮಂದಿರು ಒಂದು ಮಾತೂ ಆಡಲಿಲ್ಲ. ಬಿಳಿಗೆರೆ ಕಡೆಯ ಆ ಸಣ್ಣ ಪಾಳ್ಯದಲ್ಲಿ ಇಬ್ಬರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅಪ್ಪನ ಮಣ್ಣಿನ ದಿನವೂ ಚಿಕ್ಕಪ್ಪ ಅಂಗಳಕ್ಕೆ ಬರಲಿಲ್ಲ. ಬೀದಿಯ ತುದಿಯಲ್ಲಿ ಸ್ವಲ್ಪ ಹೊತ್ತು ನಿಂತಿದ್ದು ಹೊರಟುಹೋದ. ವನಜಾಕ್ಷಿ ಅದನ್ನು ನೋಡಿದ್ದಳು. ಮರೆಯುವುದಿಲ್ಲ ಎಂದುಕೊಂಡಿದ್ದಳು.

ಗೊತ್ತಿರುವವರು ಯಾರು ಎಂದು ಡಿಪೋದಲ್ಲಿ ವಿಚಾರಿಸಿದಾಗ ಎಲ್ಲರೂ ಹೇಳಿದ್ದು ಒಂದೇ ಹೆಸರು, ಲಿಯಾಕತ್ ಅಲಿ. ಅವರ ತಂದೆ ಪೇಟೆಯಲ್ಲಿ ಪರವಾನಗಿ ಇಟ್ಟುಕೊಂಡು ಕೋವಿ ರಿಪೇರಿ ಮಾಡುತ್ತಿದ್ದರಂತೆ. ತಂದೆಯ ಕಾಲಕ್ಕೇ ಆ ಕೆಲಸ ನಿಂತಿತು. ಈಗ ಲಿಯಾಕತ್ ಅಲಿಯವರೂ ಮಗ ಆಸಿಫನೂ ಎಣ್ಣೆ ಗಾಣದ ಮೆಷಿನ್ನು, ಕಾಯಿ ಸುಲಿಯುವ ಮೆಷಿನ್ನು ರಿಪೇರಿ ಮಾಡುತ್ತಾರೆ. ವನಜಾಕ್ಷಿ ಹೋಗಿ ಕೇಳಿದಾಗ ಅವರು ಗ್ರೀಸ್ ಮೆತ್ತಿದ ಕೈ ಒರೆಸಿಕೊಳ್ಳುತ್ತಾ, “ಕೋವಿ ಮುಟ್ಟಿ ಇಪ್ಪತ್ತೈದು ವರ್ಷ ಆಯ್ತಮ್ಮ,” ಎಂದರು. ಆದರೆ ಮಾರನೆಯ ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಟ್ಟೆಯಲ್ಲಿ ಸುತ್ತಿದ ಸಾಮಾನು ಕಂಕುಳಲ್ಲಿಟ್ಟುಕೊಂಡು ಠಾಣೆಯ ಮುಂದೆ ನಿಂತಿದ್ದರು.

ಆಶಾ ಕೋವಿ ತಂದು ಜಗಲಿಯ ಮೇಜಿನ ಮೇಲಿಟ್ಟಳು. ಲಿಯಾಕತ್ ಅಲಿ ಮೊದಲು ಹಿಡಿಯ ಕೆಳಗಿನ ಕೀಲು ಎಳೆದು ಒಳಗೆ ಇಣುಕಿದರು. “ಯಾವ ಕೋವಿ ಆದ್ರೂ ಖಾಲಿ ಇದೆಯಾ ಅಂತ ಮೊದಲು ನೋಡ್ಬೇಕಮ್ಮ. ಮಿಕ್ಕಿದ್ದು ಆಮೇಲೆ.” ಅನಂತರ ಎಣ್ಣೆ ಬಟ್ಟೆಯಿಂದ ಪಕ್ಕದ ಉಕ್ಕನ್ನು ಮೆಲ್ಲಗೆ ಒರೆಸತೊಡಗಿದರು. ಅವಸರವೇ ಇಲ್ಲ. ಒರೆಸುತ್ತಾ ಹೋದಂತೆ ಕಪ್ಪಿನೊಳಗಿಂದ ಒಂದು ಗುರುತು ಮೇಲೆದ್ದಿತು. ಮೂರು ಬಂದೂಕುಗಳನ್ನು ತುದಿ ಕೂಡಿಸಿ ನಿಲ್ಲಿಸಿದ ಹಾಗಿನ ಚಿತ್ರ.

“ಬಿ.ಎಸ್.ಎ.,” ಎಂದರು. “ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನವರು. ಆಮೇಲೆ ಮೋಟಾರ್ ಸೈಕಲ್ ಮಾಡಿದ್ರಲ್ಲ, ಅವರೇ. ಈ ಕೀಲಿನ ಪದ್ಧತಿಗೆ ಮಾರ್ಟಿನಿ ಅಂತಾರೆ. ಒಂದು ಸಲಕ್ಕೆ ಒಂದೇ ತೋಟಾ. ನೂರು ವರ್ಷ ದಾಟಿದೆ ಇದಕ್ಕೆ. ಬರ್ಕೊಳ್ಳಿ, ಬೋರು ಪಾಯಿಂಟ್ ತ್ರೀ ಟೆನ್.”

ನಳಿಗೆಯ ಬುಡದಲ್ಲಿ ಸಾಸಿವೆ ಕಾಳಿನಷ್ಟು ಚಿಕ್ಕ ಕಿರೀಟಗಳು ಒತ್ತಿದ್ದವು. ಅದೇನೆಂದು ಆಶಾ ಕೇಳಿದಳು.

“ಪರೀಕ್ಷೆ ಮುದ್ರೆ. ಬೇಕಾದ್ದಕ್ಕಿಂತ ಜಾಸ್ತಿ ಮದ್ದು ತುಂಬಿ ಹೊಡೆದು ನೋಡೋರು. ನಳಿಗೆ ಸೀಳಲಿಲ್ಲ ಅಂದ್ರೆ ಕಿರೀಟ ಒತ್ತೋರು. ಮನುಷ್ಯರಿಗೂ ಹಂಗೇ ಒಂದು ಮುದ್ರೆ ಇದ್ದಿದ್ರೆ ಚೆನ್ನಾಗಿತ್ತು.”

ನಂಬರೂ ಸಿಕ್ಕಿತು. ಆಶಾ ಬರೆದುಕೊಂಡಳು. ಕೆಲಸ ಅಲ್ಲಿಗೇ ಮುಗಿದಿತ್ತು. ಆದರೆ ಲಿಯಾಕತ್ ಅಲಿಗೆ ಕೋವಿಯನ್ನು ಕೆಳಗಿಡುವ ಮನಸ್ಸಾಗಲಿಲ್ಲ. ಹಿಂಬದಿಯ ಮರ ಅಕ್ರೋಟಿನದು ಎಂದರು. ಅದರ ಕಂದು ಎಳೆಗಳು ಹಿಡಿಯ ಹತ್ತಿರ ಬಾಗಿ ಹರಿದಿರುವುದನ್ನು ಬೆರಳಿನಿಂದ ತೋರಿಸಿದರು. ಎಳೆಗಳು ಬಾಗಿರುವ ಕಡೆಯೇ ಹಿಡಿಯೂ ಬರುವ ಹಾಗೆ ಮರ ಆರಿಸಿದ್ದಾರೆ, ಅದಕ್ಕೇ ಇಷ್ಟು ವರ್ಷವಾದರೂ ಬಿರುಕಿಲ್ಲ ಎಂದು ವಿವರಿಸಿದರು. ಕೆನ್ನೆ ತಾಗುವ ಜಾಗ ಸವೆದು ಹೊಳೆಯುತ್ತಿತ್ತು. ಆ ಜಾಗಕ್ಕೆ ತನ್ನ ಅಪ್ಪನ ಕೆನ್ನೆ ಎಷ್ಟು ಸಲ ತಾಗಿರಬಹುದೆಂದು ವನಜಾಕ್ಷಿ ಮೊದಲ ಬಾರಿಗೆ ಯೋಚಿಸಿದಳು.

“ನಮ್ಮ ತಾತನಿಗೆ ಮಹಾರಾಜರು ಕೊಟ್ಟಿದ್ದಂತೆ,” ಎಂದಳು. ಮನೆಯಲ್ಲಿ ಎಲ್ಲರೂ ಹಾಗೇ ಹೇಳುತ್ತಿದ್ದರು.

ಅವರು ನಕ್ಕರು. “ಇಲ್ಲಮ್ಮ. ಅರಮನೆ ಕೋವಿ ಆಗಿದ್ರೆ ಬೆಳ್ಳಿ ಕೆಲಸ, ಹೂಬಳ್ಳಿ ಎಲ್ಲ ಇರ್ತಿತ್ತು. ಇದು ಅಂಗಡಿಯಲ್ಲಿ ಸಿಗ್ತಿದ್ದ ಸಾಧಾರಣ ಕೋವಿ. ಸಾಧಾರಣ ಅಂದ್ರೆ ಕೀಳು ಅಲ್ಲ. ಯಾರೋ ಒಬ್ಬ ತನ್ನ ಹೆಸರು ಎಲ್ಲೂ ಹಾಕದೆ, ಯಾರ ಕೈ ಸೇರುತ್ತೋ ಗೊತ್ತಿಲ್ಲದೆ ಇಷ್ಟು ಶ್ರದ್ಧೆಯಿಂದ ಮಾಡಿದ್ದಾನೆ. ನಂಗೆ ಅರಮನೆ ಕೋವಿಗಿಂತ ಇದೇ ದೊಡ್ಡದು.”

ಕೀಲು ಇಳಿಸಿ, ಬೆಳಕು ಬೀಳಲೆಂದು ಒಳಗೊಂದು ಬಿಳಿ ಕಾಗದದ ಚೂರು ಇಟ್ಟು, ಬಾಯಿ ಕಡೆಯಿಂದ ನಳಿಗೆಯೊಳಗೆ ನೋಡಿದರು. ನೋಡುತ್ತಲೇ ಇದ್ದರು. “ಕನ್ನಡಿ ಇದ್ದಂಗಿದೆ! ಸುಮಾರು ವರ್ಷದಿಂದ ಇದ್ರಲ್ಲಿ ಹೊಡೆದೇ ಇಲ್ಲ. ಆದ್ರೆ ಎಣ್ಣೆ ಮಾತ್ರ ತಪ್ಪಿಸಿಲ್ಲ. ಯಾರು ಹಾಕ್ತಿದ್ರು?”

“ಅಪ್ಪ. ತಿಂಗಳಿಗೊಂದು ಸಲ. ಹಂದಿ ಬಂದವೆ, ಬಂದು ಹೊಡಿ ಅಂತ ಊರೋರು ಕರೆದ್ರೆ ಮಾತ್ರ ಹೋಗ್ತಿರಲಿಲ್ಲ. ತೋಟಾ ಸಿಗಲ್ಲ ಅನ್ನೋನು, ಕಣ್ಣು ಮಂಜು ಅನ್ನೋನು.”

“ಒಳಗೂ ಒಂದ್ಸಲ ನೋಡಿಬಿಡ್ಲಾ?” ಎಂದು ಆಶಾಳನ್ನು ಕೇಳಿ, ಪಕ್ಕದ ಒಂದು ಮೊಳೆಯನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ ತೆಗೆದರು. ಇಡೀ ಯಂತ್ರ, ಒಣಗಿದ ಕೊಬ್ಬರಿ ಗಿಟುಕು ಕರಟದಿಂದ ಕಳಚಿ ಬಂದ ಹಾಗೆ, ಒಟ್ಟಾಗಿ ಅವರ ಅಂಗೈಗೆ ಇಳಿಯಿತು. ಕನ್ನಡಕ ಹಣೆಗೇರಿಸಿ ಅದನ್ನು ಕಣ್ಣಿನ ಹತ್ತಿರ ತಂದವರು ಬೆಳಕಿಗೆ ತಿರುಗಿಸಿ ಮತ್ತೆ ನೋಡಿದರು. ಆಮೇಲೆ ಕುರ್ಚಿಗಾಗಿ ಕೈಯಾಡಿಸಿ ಕುಳಿತರು.

“ಏನಾಯ್ತು ಸಾಹೇಬ್ರೇ?” ಎಂದಳು ವನಜಾಕ್ಷಿ.

ಅವರು ಉಕ್ಕಿನ ತುಂಡೊಂದರ ಮುಖ ತೋರಿಸಿದರು. ನಡುವೆ ಕಡಲೆಬೇಳೆಗಿಂತಲೂ ಚಿಕ್ಕದಾದ ಹಳದಿ ಚುಕ್ಕೆ ಹೊಳೆಯುತ್ತಿತ್ತು. “ಇಲ್ಲೊಂದು ತೂತು ಇರ್ಬೇಕು. ಅದರ ಮೂಲಕ ಒಂದು ಮುಳ್ಳು ಬಂದು ತೋಟಾಗೆ ಹೊಡೆಯುತ್ತೆ. ಆ ತೂತು ಮುಚ್ಚಿದಾರೆ, ಹಿತ್ತಾಳೆ ಬೆಣೆ ಜಡಿದು. ಒಳಗಿನ ಮುಳ್ಳೂ ಅರೆದುಬಿಟ್ಟಿದಾರೆ. ಬೆರಳಲ್ಲಿ ಕುದುರೆ ಎಳೆದ್ರೆ ಟಕ್ ಅನ್ನುತ್ತೆ, ಅಷ್ಟೇ. ಈ ಕೋವಿ ಹೊಡೆಯಲ್ಲಮ್ಮ.”

“ಯಾರು ಮಾಡಿದ್ದು?”

“ನಾನು.”

ಆಶಾ ಬರೆಯುವುದನ್ನು ನಿಲ್ಲಿಸಿದಳು.

ಲಿಯಾಕತ್ ಅಲಿ ಹೇಳಿದ್ದು ಹೀಗೆ. ಅವರಿಗಾಗ ಇಪ್ಪತ್ತನಾಲ್ಕು ವರ್ಷ. ಬೇಸಿಗೆಯ ಒಂದು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವುದಕ್ಕೂ ಮೊದಲೇ ಒಬ್ಬ ರೈತ ಕಂಬಳಿಯಲ್ಲಿ ಕೋವಿ ಸುತ್ತಿಕೊಂಡು ಮೆಟ್ಟಿಲ ಮೇಲೆ ಕೂತಿದ್ದ. ಇದು ಇನ್ನು ಯಾವತ್ತೂ ಹೊಡೀಬಾರದು, ಆದರೆ ಹೊಡೆಯುವ ಹಾಗೆಯೇ ಕಾಣಬೇಕು ಎಂದ. ಇವರ ಅಬ್ಬಾ ಒಪ್ಪಲಿಲ್ಲ. ಬೇಡವಾದರೆ ಠಾಣೆಗೆ ಕೊಡು, ಇಂಥ ಮಾಲು ಕೆಡಿಸಿದರೆ ಪಾಪ ಬರುತ್ತದೆ ಎಂದು ಬೈದರು. ಆ ಮನುಷ್ಯ ಅಲುಗಾಡಲಿಲ್ಲ. ‘ಠಾಣೆಗೆ ಕೊಟ್ರೆ ಹೆದ್ರಿ ಕೊಟ್ಟ ಅಂತಾರೆ. ಮನೇಲಿ ಹಿಂಗೇ ಇದ್ರೆ ಇನ್ನೊಂದು ದಿನ ನನ್ ಕೈ ಸುಮ್ಕಿರಲ್ಲ. ನಿನ್ನೆ ಕುದುರೆ ಮೇಲೆ ಬೆರಳಿಟ್ಟಿದ್ದೆ ಸ್ವಾಮಿ, ಇನ್ನೊಂದು ಚೂರು ಎಳೆದಿದ್ರೆ ಆಗೋಗಿತ್ತು,’ ಎಂದು ತೋರುಬೆರಳು ಮಡಿಸಿ ತೋರಿಸಿದ. ಅಬ್ಬಾ ಎದ್ದು ಒಳಗೆ ಹೋದರು. ಲಿಯಾಕತ್ ಅಲಿಯೇ ಅರೆಯುವ ಕಲ್ಲಿನ ಮುಂದೆ ಕೂತು ಕೆಲಸ ಮಾಡಿಕೊಟ್ಟರು. ಎರಡು ದಿನ ಅಬ್ಬಾ ಮಗನ ಜೊತೆ ಮಾತಾಡಲಿಲ್ಲ.

“ಮುಖ ನೆನಪಿಲ್ಲ. ಹೆಸರು ಕೇಳಲೇ ಇಲ್ಲ. ಆದ್ರೆ ನನ್ ಕೆಲಸ ನಂಗೆ ಗೊತ್ತಾಗಲ್ವಾ?” ಬೆಣೆಯ ಮೇಲೆ ಉಗುರು ಆಡಿಸಿದರು. “ಅಂಚು ಕೈಗೆ ಸಿಗಲ್ಲ ನೋಡಿ. ಮಾಡಬಾರದ ಕೆಲಸ. ಆದ್ರೂ ಚೆನ್ನಾಗೇ ಮಾಡಿದೀನಿ.”

“ಹಂಗಾದ್ರೆ ಇಷ್ಟು ವರ್ಷ ಎಲೆಕ್ಷನ್ ಬಂದಾಗೆಲ್ಲ ನಾವು ಠಾಣೇಲಿ ಇಟ್ಕೊಂಡು ಕಾವಲು ಕಾದಿದ್ದು ಇದನ್ನೇನಾ?” ಎಂದಳು ಆಶಾ. ತಮಾಷೆಗೆ ಅಂದ ಮಾತು.

ವನಜಾಕ್ಷಿಗೆ ಮೊದಲು ಬಂದದ್ದು ಸಿಟ್ಟು. ಬಾಲ್ಯವೆಲ್ಲ ಕೋವಿ ತೂಗುಹಾಕಿದ್ದ ಗೋಡೆಯ ಕೆಳಗೆ ಮಲಗಲು ಹೆದರಿದ್ದಳು. ಚಿಕ್ಕಪ್ಪನ ಮಕ್ಕಳ ಜೊತೆ ಒಂದೇ ಶಾಲೆಗೆ ಹೋಗಿಯೂ ಮಾತಾಡಿರಲಿಲ್ಲ. ಅಪ್ಪ ಒಂದೇ ಒಂದು ಮಾತು ಹೇಳಿದ್ದರೆ! ಅವ್ವನಿಗಾದರೂ ಗೊತ್ತಿತ್ತೋ ಇಲ್ಲವೋ. ಕೇಳೋಣವೆಂದರೆ ಅವಳೂ ಇಲ್ಲ. ಮಧ್ಯಾಹ್ನದ ಪಾಳಿಯಲ್ಲಿ ತುರುವೇಕೆರೆ ಬಸ್ಸಿನಲ್ಲಿ ಟಿಕೆಟ್ ಕೊಡುತ್ತಾ ಎರಡು ಸಲ ಮೆಷಿನ್ನಿನಲ್ಲಿ ತಪ್ಪು ಸ್ಟಾಪ್ ಒತ್ತಿದಳು. ಸಂಜೆಯ ಹೊತ್ತಿಗೆ ಸಿಟ್ಟು ಸ್ವಲ್ಪ ಇಳಿದು, ಆ ಜಾಗದಲ್ಲಿ ಇನ್ನೊಂದು ಯೋಚನೆ ಬಂದು ಕೂತಿತು. ಇದನ್ನು ತಿಳಿಯಲೇಬೇಕಾದವನು ಒಬ್ಬನಿದ್ದಾನೆ.

ಮರುದಿನ ಭಾನುವಾರ. ಅವಳು ಊರಿಗೆ ಹೋಗಿ ಚಿಕ್ಕಪ್ಪನ ಅಂಗಳಕ್ಕೆ ಕಾಲಿಟ್ಟಳು. ಬೀರಲಿಂಗಯ್ಯ ಅಟ್ಟದಿಂದ ಇಳಿಸಿದ ಕಾಯಿಯ ರಾಶಿಯ ಮುಂದೆ ಕೂತು ಮಚ್ಚಿನಿಂದ ಕರಟ ಒಡೆದು ಕೊಬ್ಬರಿ ತೆಗೆಯುತ್ತಿದ್ದ. ಎಪ್ಪತ್ತನಾಲ್ಕು ವರ್ಷವಾದರೂ ಏಟು ತಪ್ಪುತ್ತಿರಲಿಲ್ಲ. ಇವಳನ್ನು ನೋಡಿ ಮಚ್ಚು ಕೆಳಗಿಟ್ಟ. ಕೂತ್ಕೊ ಎನ್ನಲಿಲ್ಲ.

“ಏನವ್ವ?”

ಅವಳು ನಿಂತೇ ಎಲ್ಲ ಹೇಳಿದಳು. ಲಿಯಾಕತ್ ಅಲಿಯ ಹೆಸರು, ಬೆಣೆ, ಕಂಬಳಿ, ಏನನ್ನೂ ಬಿಡಲಿಲ್ಲ. ಅವನು ನಡುವೆ ಒಮ್ಮೆ ಒಣನಗೆ ನಕ್ಕ.

“ಯಾರೋ ಕತೆ ಕಟ್ಟವ್ರೆ ಬುಡು.”

“ಕತೆ ಅಲ್ಲ ಚಿಕ್ಕಪ್ಪ. ಮಾಡಿದೋರೇ ಹೇಳಿದ್ದು. ನಾನು ಕಣ್ಣಾರೆ ನೋಡಿದೀನಿ.”

“ಯಾವಾಗ ಮಾಡಿಸಿದ್ನಂತೆ?”

“ಜಗಳ ಆದ ಮಾರನೇ ದಿನ. ಬೆಳಿಗ್ಗೆ, ಅಂಗಡಿ ತೆಗೆಯೋಕೆ ಮುಂಚೆ. ಮೊದಲ ಬಸ್ಸಿಗೇ ಹೋಗಿರಬೇಕು.”

ಬೀರಲಿಂಗಯ್ಯನ ಮುಖ ಬದಲಾಯಿತು. ಕೈಯಲ್ಲಿದ್ದ ಗಿಟುಕನ್ನು ಬುಟ್ಟಿಗೆ ಹಾಕಲು ಹೋಗಿ ಮತ್ತೆ ತೊಡೆಯ ಮೇಲೇ ಇಟ್ಟುಕೊಂಡ.

“ಕಂಬಳೀಲಿ ಸುತ್ಕೊಂಡಿದ್ನಾ?”

“ಹ್ಞೂಂ.”

ಒಳಗಿನಿಂದ ಚಿಕ್ಕಮ್ಮ ಹನುಮಂತಮ್ಮ ಬಂದು ಕಂಬಕ್ಕೆ ಒರಗಿ ನಿಂತಳು.

“ಆ ಬಸ್ಸಿಗೇ ಹೊಂಟಿದ್ದೆ ಕಣವ್ವ ನಾನೂವೆ,” ಎಂದ ಬೀರಲಿಂಗಯ್ಯ. “ಕಂಪ್ಲೇಂಟ್ ಕೊಡಾನ ಅಂತ. ಅಣ್ಣ ಎದೆಗೆ ಕೋವಿ ಇಟ್ಟ ಅಂತ ಬರೆಸಿ ಒಳಿಕ್ಕೆ ಹಾಕಿಸ್ಬೇಕು ಅಂತ ರಾತ್ರಿಯೆಲ್ಲ ಕುದ್ದಿದ್ದೆ. ಬೆಳಿಗ್ಗೆ ಹೋದ್ರೆ ಸ್ಟಾಪಲ್ಲಿ ಅವ್ನು ನಿಂತವ್ನೆ. ಕಂಬಳಿ ಒಳ್ಗೆ ಉದ್ದಕ್ಕೆ ಏನೋ ಐತೆ. ನನ್ನೇ ಕಾಯ್ತಾವ್ನೆ, ಕಂಪ್ಲೇಂಟ್ ಕೊಡಾಕ್ ಹೊಂಟ್ರೆ ಇಲ್ಲೇ ಉರುಳಿಸ್ತಾನೆ ಅನ್ಕಂಡೆ. ಬೇಲಿ ಮರೇಲೇ ವಾಪಸ್ ಬಂದೆ. ಅವತ್ತಿಂದ ಆ ರಸ್ತೆನೇ ಬುಟ್ಟೆ. ಕೆರೆ ಏರಿ ಮೇಲೆ ಸುತ್ತಾಕ್ಕಂಡು ತೋಟಕ್ ಹೋಗೋದು. ನಲವತ್ ವರ್ಷ!”

ಹನುಮಂತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಬಾಯಿ ಇರ್ನಿಲ್ವಾ ಅವನಿಗೆ?” ಬೀರಲಿಂಗಯ್ಯನ ದನಿ ಏರಿತು. “ಗೋಡೆ ಆಚೆಯಿಂದ ಒಂದು ಕೂಗು ಹಾಕಾಕಾಗ್ತಿರ್ನಿಲ್ವಾ? ಲೇ ಬೀರಾ, ಕೋವಿ ಕೆಡಿಸ್ಬುಟ್ಟೆ ಕಣ್ಲಾ ಅಂತ?”

ದಾರಿಯುದ್ದಕ್ಕೂ ವನಜಾಕ್ಷಿ ತನ್ನನ್ನೇ ಕೇಳಿಕೊಂಡಿದ್ದೂ ಇದನ್ನೇ. ತಮ್ಮನ ಮೇಲೆ ಕೈ ಏಳಬಾರದೆಂದು ಅಪ್ಪ ಕೋವಿಯನ್ನು ಕೆಡಿಸಿದ್ದು ನಿಜ. ಆದರೆ ತಮ್ಮ ಹೆದರಿಕೊಂಡಿರಲಿ ಎಂಬ ಆಸೆಯೂ ಒಳಗೆಲ್ಲೋ ಇದ್ದಿರಬಹುದು. ಎರಡೂ ಒಬ್ಬನೇ ಮನುಷ್ಯನಲ್ಲಿ ಇದ್ದವು ಎಂದುಕೊಳ್ಳದೆ ಅವಳಿಗೆ ಬೇರೆ ದಾರಿ ಕಾಣಲಿಲ್ಲ.

“ನಾಚಿಕೆ ಆಗಿತ್ತೇನೋ ಚಿಕ್ಕಪ್ಪ. ಅಥವಾ ನೀನು ಹೆದರ್ಲಿ ಅಂತಾನೂ ಇತ್ತೇನೋ. ನಂಗೊತ್ತಿಲ್ಲ. ಅಪ್ಪನ ಪರವಾಗಿ ಮಾತಾಡೋಕೆ ಬಂದಿಲ್ಲ. ನಿಂಗೆ ಗೊತ್ತಿರ್ಲಿ ಅಂತ ಬಂದೆ.”

ಅವನು ತಲೆ ಅಲ್ಲಾಡಿಸಿದ. ಹನುಮಂತಮ್ಮ ಮಣೆ ತಂದು ಹಾಕಿ, “ಕೂತ್ಕೊಳೇ ವನಜಾ,” ಎಂದಳು. ಕೂತಳು. ಸ್ವಲ್ಪ ಹೊತ್ತಿನ ಮೇಲೆ ಬೀರಲಿಂಗಯ್ಯ, “ನಂಗೂ ಬಾಯಿ ಇತ್ತಲ್ಲ,” ಎಂದ. ಯಾರಿಗೆ ಹೇಳಿದನೋ ಗೊತ್ತಾಗಲಿಲ್ಲ. ಆಮೇಲೆ, “ಅದನ್ನ ಒಂದ್ಸಲ ನೋಡ್ಬೋದಾ?” ಎಂದು ಕೇಳಿದ.

ಗುರುವಾರ ಮೂವರೂ ಠಾಣೆಯಲ್ಲಿ ಸೇರಿದರು. ಲಿಯಾಕತ್ ಅಲಿ ಒಂದು ಮಾತು ಮುಂದಿಟ್ಟರು. ಲೈಸೆನ್ಸ್ ಇರುವ ಕಾರ್ಖಾನೆಯವರಿಗೆ ಕೊಟ್ಟರೆ ಹೊಸ ಮುಳ್ಳು ಮಾಡಿ ಹಾಕುತ್ತಾರೆ. ನಳಿಗೆ ಇಷ್ಟು ಚೆನ್ನಾಗಿರುವುದರಿಂದ ಹಳೆಯ ಕೋವಿ ಜೋಪಾನ ಮಾಡುವವರು ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಾರೆ. “ನಾನು ಕೆಡಿಸಿದ್ದು ಸರಿಹೋದ ಹಾಗೂ ಆಗುತ್ತೆ,” ಎಂದರು. ಅವರ ಮಾತಿನಲ್ಲಿ ಆಸೆ ಇತ್ತು. ವನಜಾಕ್ಷಿಗೆ ಅರ್ಥವಾಯಿತು. ಆದರೂ ಬೇಡವೆಂದಳು.

“ಅಪ್ಪ ಅದನ್ನ ಸುಮ್ಮನಿರಿಸಿದಾನೆ ಸಾಹೇಬ್ರೇ. ಹಂಗೇ ಇರ್ಲಿ.”

ಲಿಯಾಕತ್ ಅಲಿ ಒತ್ತಾಯ ಮಾಡಲಿಲ್ಲ. ಕಳಿಸುವ ಮುಂಚೆ ಒಂದು ಸಲ ಪೂರ್ತಿ ಎಣ್ಣೆ ಹಾಕಿ ಕೊಡಲೇ ಎಂದಷ್ಟೇ ಕೇಳಿದರು. ಆಶಾ ಒಪ್ಪಿದಳು. ಒಂದು ಗಂಟೆ ಹಿಡಿಯಿತು. ಪ್ರತಿ ಕೀಲನ್ನೂ ಬಿಚ್ಚಿ ಒರೆಸಿ, ಮರಕ್ಕೆ ಅಗಸೆ ಎಣ್ಣೆಯನ್ನು ಅಂಗೈಯಿಂದಲೇ ತಿಕ್ಕಿದರು. ಅಕ್ರೋಟಿನ ಎಳೆಗಳು ನೀರಿನಡಿಯ ಮರಳಿನ ಹಾಗೆ ಎದ್ದು ಕಂಡವು. ಬೀರಲಿಂಗಯ್ಯ ಬೆಂಚಿನ ತುದಿಯಲ್ಲಿ ಕೂತು ನೋಡುತ್ತಿದ್ದ. ಬೆಣೆ ತೋರಿಸಿದಾಗ ಹೆಬ್ಬೆರಳಿನಿಂದ ಮುಟ್ಟಿದ. ಎಲ್ಲ ಜೋಡಿಸಿದ ಮೇಲೆ ಆಶಾ ಅನುಮತಿ ಕೊಟ್ಟಳು. ಅವನು ಕೋವಿಯನ್ನು ಎತ್ತಿಕೊಂಡು ಕೀಲು ಇಳಿಸಿ ಏರಿಸಿ ಗೋಡೆಯ ಕಡೆಗೆ ಹಿಡಿದು ಕುದುರೆ ಎಳೆದ. ಟಕ್ ಎಂದಿತು. ಮತ್ತೆ ಕೀಲು ಇಳಿಸಿ ಏರಿಸಿ ಇನ್ನೊಮ್ಮೆ ಎಳೆದ. ಆಮೇಲೆ ಜೋಪಾನವಾಗಿ ಮೇಜಿನ ಮೇಲಿಟ್ಟು, “ತೂಕ ಐತೆ,” ಎಂದ. ಅವನ ಕಣ್ಣು ತುಂಬಿತ್ತು. ಟವಲಿನಿಂದ ಮುಖ ಒರೆಸಿಕೊಂಡ.

ವನಜಾಕ್ಷಿ ಬಿಟ್ಟುಕೊಡುವ ಕಾಗದಕ್ಕೆ ರುಜು ಹಾಕಿದಳು. ‘ಸ್ಥಿತಿ’ ಎಂಬ ಕಡೆ ಏನು ಬರೆಯಬೇಕೆಂದು ಆಶಾ ಲಿಯಾಕತ್ ಅಲಿಯನ್ನು ಕೇಳಿದಳು. ‘ಉತ್ತಮ. ಹೊಡೆಯುವುದಿಲ್ಲ’ ಎಂದು ಅವರು ಹೇಳಿದರು. ಹಾಗೇ ಬರೆದಳು.

ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಮೂವರೂ ತಟ್ಟೆ ಇಡ್ಲಿಗೆ ಕೂತರು. ಬೀರಲಿಂಗಯ್ಯ ತನ್ನ ಕಾಯಿ ಸುಲಿಯುವ ಮೆಷಿನ್ನು ಸದ್ದು ಮಾಡುತ್ತಿರುವುದನ್ನು ಹೇಳಿದ. ಬೇರಿಂಗ್ ಹೋಗಿರಬೇಕು, ಆಸಿಫನನ್ನು ಕಳಿಸುತ್ತೇನೆ ಎಂದರು ಲಿಯಾಕತ್ ಅಲಿ. ಕಾಫಿ ಬರುವ ಹೊತ್ತಿಗೆ, ಹೇಗೋ, ಮಾತು ಬೋರನಕಣಿವೆಯ ಕುರುಚಲು ಕಾಡಿಗೆ ಹೋಯಿತು.

“ನಾನೂ ಅಣ್ಣನೂ ಮೊಲಕ್ ಹೋಗಿದ್ವಿ ಅಲ್ಲಿಗೆ, ಇನ್ನೂ ಮದ್ವೆ ಆಗಿರ್ನಿಲ್ಲ,” ಎಂದು ಬೀರಲಿಂಗಯ್ಯ ಶುರು ಮಾಡಿದ. “ಏಳು ತೋಟಾ ಹೊಡ್ದ ಸಾಹೇಬ್ರೇ. ಏಳೂ ಗುರಿ ತಪ್ಪಿದ್ವು! ಆ ಮೊಲ ಎಲ್ಲಿ ಕೂತಿತ್ತು ಅಂತೀರಾ...”

ಕತೆ ಇನ್ನೂ ಅರ್ಧವೂ ಆಗಿರಲಿಲ್ಲ. ಲಿಯಾಕತ್ ಅಲಿ ಆಗಲೇ ನಗತೊಡಗಿದ್ದರು. ವನಜಾಕ್ಷಿ ಗಡಿಯಾರ ನೋಡಿಕೊಂಡಳು. ಎರಡು ಗಂಟೆಗೆ ಹುಳಿಯಾರು ಬಸ್ಸಿನ ಡ್ಯೂಟಿ. ಅಪ್ಪ ಗುರಿ ತಪ್ಪುತ್ತಿದ್ದ ಎನ್ನುವುದನ್ನು ಅವಳು ಈವರೆಗೆ ಯಾರ ಬಾಯಲ್ಲೂ ಕೇಳಿರಲಿಲ್ಲ. ಪೂರ್ತಿ ಕೇಳಬೇಕೆನಿಸಿತು. ಆದರೆ ಡ್ರೈವರ್ ಕಾಯುತ್ತಿರುತ್ತಾನೆ. “ನೀವು ಮಾತಾಡ್ತಿರಿ, ನಾನು ಬತ್ತೀನಿ,” ಎಂದು ಚೀಲ ಹೆಗಲಿಗೇರಿಸಿಕೊಂಡು ಎದ್ದಳು. ಅವರಿಬ್ಬರೂ ಮಾತಿನಲ್ಲೇ ಮುಳುಗಿದ್ದರು. ಅವಳು ರಸ್ತೆ ದಾಟಿ ಡಿಪೋದ ಕಡೆಗೆ ಬಿರಬಿರನೆ ನಡೆದಳು.